ಹಳೇ ಲೆನ್ಸಿಗೆ ಯಾವ ಹುಡ್ ಒಪ್ಪುತ್ತದೆ?

ಹಾಸನ, ಚಿಕ್ಕಮಗಳೂರು ಕಡೆಯ ಮನೆಗಳಲ್ಲಿ ಬೀರುವಿನ ಮೇಲಿಂದ ಇಳಿದು ಬರುವ ಕ್ಯಾಮೆರಾಗಳು ಹೆಚ್ಚುಕಡಿಮೆ ಒಂದೇ ಥರದವು. ಒಂದು ಝೆನಿಟ್, ಇಲ್ಲಾ ಪೆಂಟಾಕ್ಸ್ ಕೆ1000, ಇಲ್ಲಾ ನಿಕಾನ್ ಎಫ್‌ಎಂ2. ಸ್ಟುಡಿಯೋ ಇಟ್ಟಿದ್ದವರ ಮನೆಯಾದರೆ ಯಾಶಿಕಾ ಮ್ಯಾಟ್. ಈಗಿನ ಹುಡುಗರು ಅದರ ಲೆನ್ಸ್ ಬಿಚ್ಚಿ, ಅಡಾಪ್ಟರ್ ಹಾಕಿ, ಮಿರರ್‌ಲೆಸ್ ಕ್ಯಾಮೆರಾಗೆ ಸಿಕ್ಕಿಸಿ ಬೇಲೂರಿಗೋ ಮುಳ್ಳಯ್ಯನಗಿರಿಗೋ ಹೊರಡುತ್ತಾರೆ. ಮನೆಗೆ ಬಂದು ನೋಡಿದರೆ ಫೋಟೋ ಎಲ್ಲಾ ಮಬ್ಬು. ಕಪ್ಪು ಇರಬೇಕಾದ ಕಡೆ ಬೂದಿ ಬಣ್ಣ. ಲೆನ್ಸ್ ಹಾಳಾಗಿದೆ ಅಂದುಕೊಂಡು ಮತ್ತೆ ಬೀರು ಹತ್ತಿಸಿಬಿಡುತ್ತಾರೆ.

ಎಷ್ಟೋ ಸಲ ಲೆನ್ಸ್ ಚೆನ್ನಾಗಿಯೇ ಇರುತ್ತದೆ. ಇಲ್ಲದಿರುವುದು ಹುಡ್, ಅಂದರೆ ಪಕ್ಕದ ಬೆಳಕು ಗಾಜಿಗೆ ಬೀಳದ ಹಾಗೆ ಲೆನ್ಸಿನ ಮೂತಿಗೆ ಹಾಕುವ ಮರೆ. ಹುಡ್ ಕೊಳ್ಳಲು ಹೋದರೆ ಮಾತ್ರ ತಲೆ ಕೆಡುತ್ತದೆ. ಲೋಹದ್ದು, ರಬ್ಬರಿನದು, ಎಸಳಿನದು, ಕಂಪನಿಯದು, ಹೆಸರಿಲ್ಲದ್ದು. ಎಲ್ಲದರ ಮೇಲೂ 49, 52, 55 ಅಂತ ನಂಬರ್. ಅದು ಲೆನ್ಸಿನ ಮೂತಿಯ ತಿರುಪಿನ, ಅಂದರೆ ಥ್ರೆಡ್ಡಿನ, ಅಗಲ, ಎಂಎಂ ಲೆಕ್ಕದಲ್ಲಿ. ಬಹಳ ಜನ ಥ್ರೆಡ್ ನಂಬರ್ ನೋಡಿ ಕೊಂಡು, ಕೂತಿತಲ್ಲ ಸಾಕು ಅಂತಾರೆ. ಕೂತರೆ ಸಾಲದು. ಹುಡ್ ಆರಿಸಬೇಕಾದದ್ದು ಲೆನ್ಸ್ ನೋಡುವ ಕೋನದ ಲೆಕ್ಕದಲ್ಲಿ. ಥ್ರೆಡ್ ವಿಚಾರ ಆಮೇಲೆ.

ಹಳೇ ಲೆನ್ಸಿಗೇ ಯಾಕೆ ಜಾಸ್ತಿ ಬೇಕು

ಪ್ರತಿಫಲನ ತಗ್ಗಿಸುವ ತೆಳು ಲೇಪನ ಇಲ್ಲದ ಗಾಜಿನ ಪ್ರತಿ ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು 4% ವಾಪಸ್ ಎಸೆಯುತ್ತದೆ. ಝೆನಿಟ್ ಜೊತೆ ಬರುತ್ತಿದ್ದ ಹೀಲಿಯೋಸ್ 44-2 ಲೆನ್ಸಿನಲ್ಲಿ 6 ಗಾಜುಗಳು, 4 ಗುಂಪು. ಅಂದರೆ ಗಾಳಿಗೆ ತೆರೆದುಕೊಂಡ ಮೈಗಳು 8. ಒಂದರಿಂದ ಇನ್ನೊಂದಕ್ಕೆ ಬೆಳಕು ಪುಟಿಯುತ್ತಾ ಕೊನೆಗೆ ಫಿಲ್ಮ್ ಮೇಲೋ ಸೆನ್ಸರ್ ಮೇಲೋ ತೆಳ್ಳಗೆ ಹರಡಿಕೊಳ್ಳುತ್ತದೆ. ಆ ಮಬ್ಬು ಅದೇ. ಲೆನ್ಸಿಗೆ ಲೇಪನ ಹಾಕುವ ವಿಧಾನಕ್ಕೆ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ 1935ರಲ್ಲೇ ಪೇಟೆಂಟ್ ಮಾಡಿಸಿದ್ದರು. ಆದರೆ ಬಹಳ ಕಾಲ ಒಂದೇ ಪದರದ ಲೇಪನವೇ ನಡೆಯಿತು. ಪೆಂಟಾಕ್ಸ್ ತನ್ನ ಟಕುಮಾರ್ ಲೆನ್ಸುಗಳಿಗೆ ಹಲವು ಪದರದ ಲೇಪನ ತಂದದ್ದು 1971ರಲ್ಲಿ. ನಿಮ್ಮ ಲೆನ್ಸಿನ ಮೇಲೆ ಬರೀ 'ಸೂಪರ್ ಟಕುಮಾರ್' ಅಂತಿದ್ದರೆ ಹುಡ್ ಬೇಕೇ ಬೇಕು ಅಂತ ಇಟ್ಟುಕೊಳ್ಳಿ. 'ಸೂಪರ್ ಮಲ್ಟಿ ಕೋಟೆಡ್' ಅಂತಿದ್ದರೆ ಸ್ವಲ್ಪ ಸಲೀಸು.

ಬಿಸಿಲು ನೇರ ಲೆನ್ಸಿಗೆ ಹೊಡೆದರೆ ಮಾತ್ರ ತೊಂದರೆ ಅನ್ನುವುದು ತಪ್ಪು ಕಲ್ಪನೆ. ನಮ್ಮ ಕಡೆ ದೊಡ್ಡ ತಂಟೆ ಬಿಳಿ ಆಕಾಶದ್ದು. ಜೂನ್‌ನಿಂದ ಸೆಪ್ಟೆಂಬರ್ ತನಕ ಆಕಾಶ ಪೂರ್ತಿ ಒಂದು ಬಿಳಿ ಟ್ಯೂಬ್‌ಲೈಟ್ ಇದ್ದ ಹಾಗೆ. ಬೇಲೂರಿನ ಚೆನ್ನಕೇಶವ ಗುಡಿಯ ಸೂರಿನಡಿಯ ಮದನಿಕೆಯರನ್ನು ಕೆಳಗಿಂದ ತೆಗೆಯಲು ಹೋಗಿ ನೋಡಿ. ಶಿಲ್ಪ ನೆರಳಲ್ಲಿ, ಕಪ್ಪು ಕಲ್ಲು. ಸೂರು ದಾಟಿದ ತಕ್ಷಣ ಬೆಳ್ಳನೆ ಆಕಾಶ. ಅದು ಫ್ರೇಮಿನಲ್ಲಿ ಕಾಣದೇ ಇರಬಹುದು, ಆದರೆ ಲೆನ್ಸಿನ ಗಾಜಿಗೆ ಕಾಣುತ್ತಲೇ ಇರುತ್ತದೆ. ಒಡವೆಯ ಸಣ್ಣ ಕೆತ್ತನೆಗಳೆಲ್ಲ ಹೊಗೆ ಕವಿದ ಹಾಗೆ ಬರುವುದು ಇದಕ್ಕೇ. ಸರಿಯಾದ ಹುಡ್ ಹಾಕಿ ಮತ್ತೆ ತೆಗೆದರೆ ಅದೇ ಲೆನ್ಸಿನಲ್ಲಿ ಕಲ್ಲಿನ ಕಪ್ಪು ವಾಪಸ್ ಬರುತ್ತದೆ.

ಶ್ರವಣಬೆಳಗೊಳದ ಕಥೆ ಬೇರೆ. ಗೊಮ್ಮಟ ನಿಂತಿರುವುದು ಉತ್ತರಕ್ಕೆ ಮುಖ ಮಾಡಿ. ಅವನ ಮುಂದೆ ನಿಂತವರ ಕ್ಯಾಮೆರಾ ದಕ್ಷಿಣಕ್ಕೆ. ಆಗಸ್ಟ್ ಕೊನೆಯಿಂದ ಏಪ್ರಿಲ್ ನಡುವಿನ ತನಕ ಮಧ್ಯಾಹ್ನದ ಸೂರ್ಯ ನಮಗೆ ದಕ್ಷಿಣದ ಕಡೆಯೇ ಇರುತ್ತಾನೆ. ಅಂದರೆ ಪ್ರವಾಸಿಗರು ಜಾಸ್ತಿ ಬರುವ ಚಳಿಗಾಲದಲ್ಲಿ ನಡುಹಗಲು ಬೆಟ್ಟ ಹತ್ತಿದರೆ ಬಿಸಿಲು ಎದುರಿಗೇ. ಆಳವಾದ ಹುಡ್ ಇದ್ದರೆ ಬಚಾವ್.

ಹುಡ್‌ನಿಂದ ಆಗದ ಕೆಲಸವೂ ಇದೆ. ಬೆಳಕು ಫ್ರೇಮಿನ ಒಳಗೇ ಇದ್ದರೆ ಅದು ಏನೂ ಮಾಡಲ್ಲ. ಶೆಟ್ಟಿಹಳ್ಳಿಯ ಪಾಳು ಚರ್ಚಿನ ಒಳಗೆ ನಿಂತು, ಮುರಿದ ಕಿಟಕಿಯಾಚೆಯ ಆಕಾಶವನ್ನೂ ಸೇರಿಸಿ ತೆಗೆದರೆ ಮಬ್ಬು ಬಂದೇ ಬರುತ್ತದೆ. ಮುಳ್ಳಯ್ಯನಗಿರಿಯ ಮಂಜಿನಲ್ಲೂ ಅಷ್ಟೇ. ಅಲ್ಲಿ ಹುಡ್ ಹನಿ ತಡೆಯಲು ಮಾತ್ರ.

ಮೊದಲು ಎರಡು ಅಳತೆ

ಒಂದು, ಥ್ರೆಡ್. ಇಲ್ಲಿ ಬಹಳ ಜನ ಎಡವುವ ಜಾಗ ಹೀಲಿಯೋಸ್. ಲೆನ್ಸಿನ ಮೂತಿಯ ಮೇಲೆ 2/58 ಅಂತ ಬರೆದಿರುತ್ತದೆ. ಅದನ್ನು ನೋಡಿ 58 ಎಂಎಂ ಹುಡ್ ತರಿಸುತ್ತಾರೆ. 58 ಅನ್ನುವುದು ಫೋಕಲ್ ಲೆಂತ್, ಲೆನ್ಸ್ ಎಷ್ಟು ಅಗಲ ನೋಡುತ್ತದೆ ಅಂತ ಹೇಳುವ ನಂಬರ್. ಅದು ಚಿಕ್ಕದಾದಷ್ಟೂ ನೋಟ ಅಗಲ. 44-2ರ ಥ್ರೆಡ್ 49. ಆಮೇಲೆ ಬಂದ 44ಎಂ ಸರಣಿಗೆ 52. ಸೂಪರ್ ಟಕುಮಾರ್ 55, 50, 135 ಎಂಎಂ ಲೆನ್ಸುಗಳಲ್ಲಿ ಬಹುಪಾಲಿಗೆ 49. ಒಲಿಂಪಸ್ ಓಎಂ 50 ಎಫ್1.8, ಪೆಂಟಾಕಾನ್ 50 ಎಫ್1.8 ಎರಡಕ್ಕೂ 49. ನಿಕಾನ್ 50 ಎಫ್1.8ಗೆ 52. ಹಳೇ ಕ್ಯಾನನ್ ಎಫ್‌ಡಿ 50ಕ್ಕೆ 55, ಆಮೇಲಿನ ನ್ಯೂ ಎಫ್‌ಡಿಗೆ 52. ರಷ್ಯಾದ ಜುಪಿಟರ್-8, ಇಂಡಸ್ಟಾರ್-61 ಎಲ್/ಡಿಗೆ 40.5. ಸಂಶಯ ಇದ್ದರೆ ಯಾವುದಾದರೂ ಲೇತ್ ಅಂಗಡಿಗೆ ಹೋಗಿ ವರ್ನಿಯರ್ ಹಿಡಿಸಿ ನೋಡಿ, ಎರಡು ನಿಮಿಷದ ಕೆಲಸ.

ಕೆಲವು ಹಳೇ ಲೆನ್ಸುಗಳಲ್ಲಿ ಅಗಲ ಸರಿಯಿದ್ದರೂ ಥ್ರೆಡ್ಡಿನ ಸುತ್ತುಗಳ ನಡುವಿನ ಅಂತರ ಸಣ್ಣ. ಹುಡ್ ಒಂದು ಸುತ್ತು ಹೋಗಿ ಬಿಗಿಯಾಗಿ ನಿಂತುಬಿಡುತ್ತದೆ. ಅಲ್ಲಿಗೆ ಬಿಡಿ. ಬಲ ಹಾಕಿದರೆ ಲೆನ್ಸಿನ ಥ್ರೆಡ್ ಹೋಗುತ್ತದೆ, ಹುಡ್‌ಗೆ ಏನೂ ಆಗಲ್ಲ.

ಎರಡನೆಯದು ಕೋನ. ಇದಕ್ಕೆ ಒಂದು ಸುಲಭದ ಲೆಕ್ಕ ಇದೆ. ಫುಲ್‌ಫ್ರೇಮ್ ಸೆನ್ಸರ್ ಅಥವಾ ಅಷ್ಟೇ ಅಳತೆಯ 35 ಎಂಎಂ ಫಿಲ್ಮಿನ ಮೂಲೆಯಿಂದ ಮೂಲೆಗೆ 43.3 ಎಂಎಂ. ಈ 43.3ನ್ನು ಫೋಕಲ್ ಲೆಂತ್‌ನಿಂದ ಭಾಗಿಸಿ, ಹುಡ್‌ನ ಉದ್ದದಿಂದ ಗುಣಿಸಿ. ಹುಡ್‌ನ ಬಾಯಿ ಮುಂದಿನ ಗಾಜಿಗಿಂತ ಅಷ್ಟು ಅಗಲ ಇರಬೇಕು. ಉದ್ದವನ್ನು ಗಾಜಿನಿಂದ ಅಳೆಯಬೇಕು, ಥ್ರೆಡ್ಡಿನಿಂದಲ್ಲ.

ಪ್ರತಿ 10 ಎಂಎಂ ಉದ್ದಕ್ಕೆ 50 ಎಂಎಂ ಲೆನ್ಸಿಗೆ ಸುಮಾರು 8.7 ಎಂಎಂ ಅಗಲ ಬೇಕು. 135ಕ್ಕೆ ಬರೀ 3.2. 28ಕ್ಕೆ 15.5! ವ್ಯತ್ಯಾಸ ನೋಡಿ. ಮುಂದಿನ ಗಾಜು 40 ಎಂಎಂ ಅಗಲ ಇರುವ 50ರ ಲೆನ್ಸು ಅಂತಿಟ್ಟುಕೊಳ್ಳಿ. ಗಾಜಿನಿಂದ 20 ಎಂಎಂ ಮುಂದಕ್ಕೆ ಚಾಚಿದ ಹುಡ್‌ಗೆ 57-58 ಎಂಎಂ ಬಾಯಿ ಬೇಕು. ಅದೇ ಹುಡ್ಡನ್ನು ಥ್ರೆಡ್ ಒಂದೇ ಅಂತ 28ರ ಲೆನ್ಸಿಗೆ ತಿರುಗಿಸಿದರೆ ನಾಲ್ಕೂ ಮೂಲೆ ಕಪ್ಪಾಗುತ್ತದೆ. 135ಕ್ಕೆ ಹಾಕಿದರೆ ಕಪ್ಪೇನೂ ಆಗಲ್ಲ, ಆದರೆ ಇದ್ದೂ ಇಲ್ಲದ ಹಾಗೆ.

ಎಪಿಎಸ್-ಸಿ ಅನ್ನುವ, ಅದಕ್ಕಿಂತ ಚಿಕ್ಕ ಸೆನ್ಸರ್ ಇದ್ದವರು 43ರ ಬದಲು 28 ಇಟ್ಟುಕೊಳ್ಳಿ. ಇದು ಅವರಿಗೆ ಲಾಭದ ಮಾತು. 50ರ ಲೆನ್ಸಿಗೆ 85ಕ್ಕಂತ ಮಾಡಿದ ಆಳದ ಹುಡ್ ಹತ್ತಿರಹತ್ತಿರ ಒಪ್ಪಿಕೊಳ್ಳುತ್ತದೆ. ಕಂಪನಿಯ ಮೂಲ ಹುಡ್ ಹುಡುಕಿಕೊಂಡು ಕೂರುವ ಅಗತ್ಯವೇ ಇಲ್ಲ, ಅದು ನಿಮಗೆ ಗಿಡ್ಡವೇ ಆಗುತ್ತದೆ.

ಕಂಪನಿಯದ್ದೇ ಬೇಕಾ?

ನಿಕಾನ್ ಲೆನ್ಸಾದರೆ ಹುಡುಕಿ ನೋಡಬಹುದು ಅನ್ನುತ್ತೇನೆ. ಅವರ ಹೆಸರಿಡುವ ಪದ್ಧತಿ ಅಚ್ಚುಕಟ್ಟು. ಎಚ್‌ಎನ್ ಅಂದರೆ ತಿರುಗಿಸಿ ಹಾಕುವುದು, ಎಚ್‌ಎಸ್ ಅಂದರೆ ಕ್ಲಿಪ್ ಒತ್ತಿ ಸಿಕ್ಕಿಸುವುದು, ಎಚ್‌ಆರ್ ರಬ್ಬರಿನದು. 35ರ ಎಫ್2 ಲೆನ್ಸಿನ ಎಚ್‌ಎನ್-3 ಗಿಡ್ಡ, ಗಟ್ಟಿ, ಲೋಹದ್ದು. ಕೈಜಾರಿ ಕಲ್ಲಿನ ಮೇಲೆ ಬಿದ್ದರೂ ಲೆನ್ಸ್ ಉಳಿಸುತ್ತದೆ. ಟಕುಮಾರ್‌ಗಳ ಕ್ಲಿಪ್ ಹುಡ್ಡೂ ಚೆನ್ನಾಗಿದೆ, ಆದರೆ ಸ್ಪ್ರಿಂಗ್ ಸಡಿಲಾದದ್ದು ಸಿಕ್ಕರೆ ಜೀಪಿನಲ್ಲಿ ಬಾಬಾಬುಡನ್‌ಗಿರಿ ಹತ್ತುವಷ್ಟರಲ್ಲಿ ಎಲ್ಲೋ ಉದುರಿರುತ್ತದೆ.

ಕ್ಯಾನನ್ ನ್ಯೂ ಎಫ್‌ಡಿ ಲೆನ್ಸುಗಳಿಗೆ ಮೂತಿಯ ಹೊರಗೆ ಬಯೋನೆಟ್, ಅಂದರೆ ಸ್ವಲ್ಪ ತಿರುಗಿಸಿ ಸಿಕ್ಕಿಸುವ ಕೊಂಡಿ, ಇದೆ. ಬಿಎಸ್-52 ಅನ್ನುವುದು 50ರ ಲೆನ್ಸಿನದು. ಸಿಕ್ಕರೆ ಒಳ್ಳೇದು, ಸಿಗದಿದ್ದರೆ 52ರ ಥ್ರೆಡ್ ಹೇಗೂ ಇದ್ದೇ ಇದೆ.

ಕಂಪನಿಯದ್ದು ನಿಜವಾಗಿ ಬೇಕೇ ಬೇಕಾದದ್ದು ಯಾಶಿಕಾ ಮ್ಯಾಟ್ 124ಜಿ ಥರದ ಎರಡು ಕಣ್ಣಿನ ಕ್ಯಾಮೆರಾಗಳಿಗೆ. ಅದರ ಲೆನ್ಸಿಗೆ ಥ್ರೆಡ್ ಇಲ್ಲ, ಬೇ-1 ಅನ್ನುವ ಬಯೋನೆಟ್. ರೋಲಿಕಾರ್ಡ್‌ನದೂ ಅದೇ, ಹಾಗಾಗಿ ಅದರ ಹುಡ್ ಇದಕ್ಕೂ ಕೂರುತ್ತದೆ. ಹಾಸನ, ಚಿಕ್ಕಮಗಳೂರಿನ ಹಳೇ ಸ್ಟುಡಿಯೋಗಳಲ್ಲಿ ಕೇಳಿ ನೋಡಿ. ಮದುವೆ ಫೋಟೋ ಎಲ್ಲಾ ಡಿಜಿಟಲ್ ಆದ ಮೇಲೆ ಇಂಥ ಸಾಮಾನು ಯಾವುದೋ ಡ್ರಾಯರಿನಲ್ಲಿ ಧೂಳು ತಿನ್ನುತ್ತಿರುತ್ತದೆ. ಮೇಲಿನ ಕಣ್ಣಿನಲ್ಲಿ ನೋಡಿ ಕೆಳಗಿನ ಕಣ್ಣಿನಲ್ಲಿ ತೆಗೆಯುವ ಕ್ಯಾಮೆರಾ ಇದು. ಹುಡ್ ಮೂಲೆ ಕತ್ತರಿಸುತ್ತಿದ್ದರೂ ನಿಮಗೆ ಕಾಣಲ್ಲ. ಅದಕ್ಕೇ ಅಂದಾಜಿನ ಹುಡ್ ಇಲ್ಲಿ ಬೇಡ.

ಮತ್ತೆ, ಮೂಲ ಹುಡ್ ಅಂತ ಲೆನ್ಸಿಗಿಂತ ಜಾಸ್ತಿ ದುಡ್ಡು ಕೇಳುವವರಿದ್ದಾರೆ. ಸಂಗ್ರಹಕ್ಕಾದರೆ ಕೊಡಿ. ಫೋಟೋಗಾದರೆ ಬೇಡ.

ತಿರುಗಿಸುವ ಲೋಹದ ಹುಡ್

ಬಹುತೇಕರಿಗೆ ನಾನು ಹೇಳುವುದು ಇದನ್ನೇ. ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ವೈಡ್, ಸ್ಟ್ಯಾಂಡರ್ಡ್, ಟೆಲಿ ಅಂತ ಮೂರು ಆಕಾರ. 50-58ಕ್ಕೆ ಸ್ಟ್ಯಾಂಡರ್ಡ್, 85ರಿಂದ ಮೇಲಕ್ಕೆ ಟೆಲಿ. ಪಕ್ಕದಲ್ಲಿ ಕಿಂಡಿ ಕೊರೆದದ್ದು ನೋಡಲು ಚೆಂದ. ಆದರೆ ಆ ಕಿಂಡಿ ಇರುವುದು ಇಣುಕುಗಾಜು ಲೆನ್ಸಿನಿಂದ ಬೇರೆಯಾಗಿರುವ ರೇಂಜ್‌ಫೈಂಡರ್ ಕ್ಯಾಮೆರಾದ ಇಣುಕುಗಾಜಿಗೆ ಹುಡ್ ಅಡ್ಡ ಬರದಿರಲಿ ಅಂತ. ಬೇರೆ ಕ್ಯಾಮೆರಾಗಳಲ್ಲಿ ಅದು ಬರೀ ಶೋಕಿ.

ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ. ಹುಡ್ಡನ್ನು ಕಿಟಕಿಯ ಕಡೆ ಹಿಡಿದು, ಒಳಗೋಡೆಯನ್ನು ಓರೆಯಾಗಿ ನೋಡಿ. ನೇರ ನೋಡಿದಾಗ ಕಪ್ಪಾಗಿ ಕಾಣುವ ಬಣ್ಣ ಓರೆಯಲ್ಲಿ ಬೆಳ್ಳಿಯ ಹಾಗೆ ಮಿನುಗಿದರೆ ಆ ಹುಡ್ಡೇ ಬೆಳಕನ್ನು ಲೆನ್ಸಿನೊಳಕ್ಕೆ ತಳ್ಳುತ್ತದೆ. ಒಳಗೆ ಸಣ್ಣ ಸಣ್ಣ ಗೀರುಗಳ ಸಾಲು ಇದ್ದರೆ ಒಳ್ಳೇದು, ಓರೆ ಬೆಳಕು ಅಲ್ಲೇ ಮುರಿಯುತ್ತದೆ. ಮಿನುಗುವ ಹುಡ್‌ಗೆ ಔಷಧಿ ನಮ್ಮ ಪೇಂಟ್ ಅಂಗಡಿಯಲ್ಲೇ ಇದೆ. ಶಾಲೆಯ ಕರಿಹಲಗೆಗೆ ಬಳಿಯುವ ಬ್ಲ್ಯಾಕ್‌ಬೋರ್ಡ್ ಪೇಂಟ್. ಉಪ್ಪುಕಾಗದದಲ್ಲಿ ಸ್ವಲ್ಪ ಉಜ್ಜಿ, ತೆಳ್ಳಗೆ ಎರಡು ಕೋಟ್ ಬಳಿದು, ಚೆನ್ನಾಗಿ ಒಣಗಿಸಿ. ಥ್ರೆಡ್ಡಿಗೆ ತಾಗಿಸಬೇಡಿ. ಕಪ್ಪು ಮಖಮಲ್ ಬಟ್ಟೆ ಅಂಟಿಸುವವರೂ ಇದ್ದಾರೆ. ಬೆಳಕು ಹೀರುವುದರಲ್ಲಿ ಅದನ್ನು ಮೀರಿಸಿದ್ದಿಲ್ಲ. ಆದರೆ ಸಕಲೇಶಪುರ, ಮೂಡಿಗೆರೆಯ ಮಳೆಗಾಲದಲ್ಲಿ ಮಖಮಲ್ ತೇವ ಹಿಡಿದಿಟ್ಟುಕೊಂಡು ಲೆನ್ಸಿನ ಪಕ್ಕದಲ್ಲೇ ಬೂಷ್ಟು ಸಾಕುತ್ತದೆ. ಹಾಸನದಿಂದ ಅರಸೀಕೆರೆ ಕಡೆಯ ಒಣ ಹವೆಯವರಿಗೆ ಸರಿ, ಮಲೆನಾಡಿನವರಿಗೆ ಬಣ್ಣವೇ ವಾಸಿ.

ಲೋಹದ ಹುಡ್‌ನ ಇನ್ನೊಂದು ಕಷ್ಟ ಕ್ಯಾಪಿನದು. ಹಳೇ ಲೆನ್ಸಿನ ಒತ್ತುವ ಕ್ಯಾಪ್ ಹುಡ್ ಹಾಕಿದ ಮೇಲೆ ಕೂರುವುದಿಲ್ಲ. ಬಹಳಷ್ಟು ಹುಡ್‌ಗಳ ಬಾಯಲ್ಲೂ ಒಂದು ಥ್ರೆಡ್ ಇರುತ್ತದೆ, ಅದರ ಅಳತೆಯ ಕ್ಯಾಪ್ ಬೇರೆ ತಗೊಳ್ಳಿ. ಹುಡ್ ಸಮೇತ ಮುಚ್ಚಿ ಬ್ಯಾಗಿಗೆ ಹಾಕಬಹುದು.

ರಬ್ಬರ್ ಹುಡ್

ಅಗ್ಗ, ಹಗುರ, ಮಡಚಬಹುದು. ಮೂರು ಹಂತದ್ದು ಸಿಕ್ಕರೆ ಒಂದೇ ಹುಡ್ 28ಕ್ಕೂ 50ಕ್ಕೂ 135ಕ್ಕೂ ಆಗುತ್ತದೆ ಅಂತ ಮಾರುತ್ತಾರೆ. 28ರ ಹಂತವನ್ನು ನಂಬಬೇಡಿ, ಪರೀಕ್ಷೆ ಮಾಡಿ. ಬೇಲೂರು, ಹಳೇಬೀಡಿನಲ್ಲಿ ಜನಜಂಗುಳಿಯ ನಡುವೆ ಗೋಡೆಗೆ ಒರಗಿ ತೆಗೆಯುವಾಗ ರಬ್ಬರ್ ಕಲ್ಲಿಗೂ ನೋವು ಮಾಡಲ್ಲ, ಲೆನ್ಸಿಗೂ ಮಾಡಲ್ಲ. ಬಸ್ಸಿನ ಕಿಟಕಿ ಗಾಜಿಗೆ ಒತ್ತಿ ಹಿಡಿದರೆ ಒಳಗಿನ ಪ್ರತಿಬಿಂಬವೂ ಹೋಗುತ್ತದೆ. ಚಾರ್ಮಾಡಿ ಘಾಟಿಯಲ್ಲಿ ಕಿಟಕಿ ಪಕ್ಕ ಕೂತವರಿಗೆ ಇದಕ್ಕಿಂತ ಒಳ್ಳೇದಿಲ್ಲ.

ಹಳೇ ರಬ್ಬರ್ ಹುಡ್ ಮಾತ್ರ ಕೊಳ್ಳಬೇಡಿ. ಬಿರುಕು ಬಿಟ್ಟಿರುತ್ತದೆ, ಇಲ್ಲಾ ಜಿಗುಟಾಗಿರುತ್ತದೆ.

ಎಸಳಿನ ಹುಡ್

ಇದನ್ನು ಬಿಟ್ಟುಬಿಡಿ. ಈಗಿನ ಲೆನ್ಸುಗಳಿಗೆ ಅದು ಒಂದೇ ದಿಕ್ಕಿನಲ್ಲಿ ಕೂರುವ ಹಾಗೆ ಮಾಡಿರುತ್ತಾರೆ. ಉದ್ದದ ಎಸಳು ಮೇಲೆ ಕೆಳಗೆ, ಗಿಡ್ಡದ್ದು ಪಕ್ಕಕ್ಕೆ. ಥ್ರೆಡ್ಡಿಗೆ ತಿರುಗಿಸುವ ಎಸಳಿನ ಹುಡ್ ಎಲ್ಲಿ ಬಿಗಿಯಾಗುತ್ತದೋ ಅಲ್ಲೇ ನಿಲ್ಲುತ್ತದೆ. ಸಾಲದ್ದಕ್ಕೆ ಹಳೇ ಲೆನ್ಸುಗಳಲ್ಲಿ ಎಷ್ಟೋ ಸಲ ಫೋಕಸ್ ಮಾಡಿದಂತೆ ಮೂತಿಯೂ ತಿರುಗುತ್ತದೆ. ಉದ್ದದ ಎಸಳು ಮೂಲೆಗೆ ಬಂದು ಕೂತರೆ ಫೋಟೋದ ಆ ಮೂಲೆ ಹೋಯಿತು ಅಂತಲೇ.

28, 35ರ ಲೆನ್ಸುಗಳ ಪಾಡು

ಹುಡ್ ಆರಿಸಲು ಕಷ್ಟದ ಲೆನ್ಸುಗಳು ಇವೇ. ಪೂರ್ತಿ ಫ್ರೇಮಿನಲ್ಲಿ 28 ನೋಡುವುದು ಮೂಲೆಯಿಂದ ಮೂಲೆಗೆ 75 ಡಿಗ್ರಿ. ಅದಕ್ಕೆ ಒಪ್ಪುವ ಹುಡ್ ತಟ್ಟೆಯಷ್ಟು ಅಗಲ, ಬೆರಳಿನಷ್ಟು ಗಿಡ್ಡ. ಅಷ್ಟು ಗಿಡ್ಡ ಹುಡ್ ತಡೆಯುವ ಬೆಳಕು ಕಮ್ಮಿಯೇ.

ಒಂದು ದಾರಿ ಸ್ಟೆಪ್‌ಅಪ್ ರಿಂಗ್. 49ರಿಂದ 58ಕ್ಕೆ ಒಂದು ರಿಂಗ್ ಹಾಕಿ, ಅದರ ಮೇಲೆ 58ರ ವೈಡ್ ಹುಡ್ ಕೂರಿಸುವುದು. ಬಾಯಿ ಅಗಲವಾಗುವುದರಿಂದ ಮೂಲೆ ಕಪ್ಪಾಗುವ ಭಯ ಕಮ್ಮಿ. ಬೇರೆಬೇರೆ ಥ್ರೆಡ್ಡಿನ ಲೆನ್ಸುಗಳಿದ್ದರೆ ಎಲ್ಲಕ್ಕೂ ರಿಂಗ್ ಕೊಂಡು ಒಂದೇ ಹುಡ್‌ನಲ್ಲಿ ಸುಧಾರಿಸಲೂಬಹುದು. ಆದರೆ ಆಗ ಹುಡ್ ಯಾವ ಲೆನ್ಸಿಗೂ ಪೂರ್ತಿ ಒಪ್ಪಿರುವುದಿಲ್ಲ. ಅತಿ ಅಗಲ ನೋಡುವ ಲೆನ್ಸಿಗೆ ತಕ್ಕ ಹುಡ್ ಆರಿಸಿಕೊಂಡಿರುತ್ತೀರಿ, ಉದ್ದದ ಲೆನ್ಸಿಗೆ ಅದು ಬರೀ ಅಲಂಕಾರ.

28ರ ಲೆನ್ಸಿಗೆ ನನ್ನ ಮಟ್ಟಿಗೆ ವಾಸಿಯಾದ ಹುಡ್ ಕೊಡೆ. ತಮಾಷೆಗಲ್ಲ. ಮಳೆಗಾಲದಲ್ಲಿ ಹೇಗೂ ಕೈಯಲ್ಲಿರುತ್ತದೆ. ಜೊತೆಗಿದ್ದವರು ಲೆನ್ಸಿನ ಮೇಲ್ಗಡೆ, ಫ್ರೇಮಿಗೆ ತಾಗದ ಹಾಗೆ ಹಿಡಿದರೆ ಆಕಾಶದ ಬೆಳಕು ಪೂರ್ತಿ ಕಟ್. ಒಬ್ಬರೇ ಇದ್ದರೆ ಅಂಗೈ ಸಾಕು. ಕಾಫಿ ಹೂವಿನ ಕಾಲದಲ್ಲಿ, ಅಂದರೆ ಮಾರ್ಚ್-ಏಪ್ರಿಲ್‌ನ ಹೂಮಳೆ ಬಿದ್ದ ಮೇಲೆ, ಸಿಲ್ವರ್ ಓಕ್ ಎಲೆಗಳ ಸಂದಿಯಿಂದ ಬಿಸಿಲು ಚೂರುಚೂರಾಗಿ ಬೀಳುತ್ತದೆ. ಲೆನ್ಸಿನ ಗಾಜಿನ ಮೇಲೆ ಬೆಳಕಿನ ಚುಕ್ಕೆ ಬಿದ್ದಿದೆಯಾ ಅಂತ ಮುಂದಿನಿಂದ ಒಮ್ಮೆ ನೋಡಿ, ಕೈ ಅಡ್ಡ ಹಿಡಿದು ಆ ಚುಕ್ಕೆ ಮಾಯ ಮಾಡಿ, ಆಮೇಲೆ ತೆಗೆಯಿರಿ. ಯಾವ ಹುಡ್ಡೂ ಇಷ್ಟು ಕರಾರುವಾಕ್ಕಾಗಿ ನೆರಳು ಕೊಡಲ್ಲ.

ಮೂತಿ ನೆಗ್ಗಿದ ಲೆನ್ಸು

ಹಳೇ ಲೆನ್ಸಿನಲ್ಲಿ ಇದು ಮಾಮೂಲು. ಎಲ್ಲೋ ಬಿದ್ದು ಫಿಲ್ಟರ್ ರಿಂಗ್ ಒಂದು ಕಡೆ ಒಳಕ್ಕೆ ಹೋಗಿರುತ್ತದೆ. ತಿರುಗಿಸುವ ಹುಡ್ ಕಚ್ಚಿಕೊಳ್ಳುವುದೇ ಇಲ್ಲ. ಇಂಥವಕ್ಕೆ ಹೊರಗಿನಿಂದ ತೊಡಿಸಿ ಸ್ಕ್ರೂ ಬಿಗಿಯುವ ಹುಡ್ ಹುಡುಕಿ. ಸಿಗದಿದ್ದರೆ ಲೇತ್ ಅಂಗಡಿ ಇದೆಯಲ್ಲ. ಅಲ್ಯೂಮಿನಿಯಂ ಪೈಪಿನ ತುಂಡಿನಲ್ಲಿ, ಲೆನ್ಸಿನ ಹೊರ ಅಗಲಕ್ಕೆ ಸರಿಯಾಗಿ, ಪಕ್ಕದಲ್ಲಿ ಒಂದು ಸಣ್ಣ ಸ್ಕ್ರೂ ಇಟ್ಟು ಮಾಡಿಕೊಡುತ್ತಾರೆ. ಒಳಗೆ ಥ್ರೆಡ್ ಹಾಗೆ ಗೀರು ಹೊಡೆಯಲು ಹೇಳಿ. ಲೆನ್ಸಿಗೆ ತಾಗುವ ಕಡೆ ತೆಳ್ಳನೆ ಬಟ್ಟೆ ಪಟ್ಟಿ ಅಂಟಿಸಿ. ಕೊಡುವ ಮೊದಲು ಕಪ್ಪು ಚಾರ್ಟ್ ಪೇಪರಿನಲ್ಲಿ ಅದೇ ಅಳತೆಯ ಹುಡ್ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಪರೀಕ್ಷೆ ಮಾಡಿ. ಮೂಲೆ ಕಪ್ಪಾದರೆ ಕತ್ತರಿಯಲ್ಲಿ ಸ್ವಲ್ಪ ಸ್ವಲ್ಪ ಕತ್ತರಿಸುತ್ತಾ ಹೋಗಿ. ಸರಿಯಾದ ಉದ್ದ ಅಲ್ಲೇ ಸಿಗುತ್ತದೆ. ತ್ರೀಡಿ ಪ್ರಿಂಟ್ ಮಾಡಿಸುವವರಿಗೂ ಇದೇ ಮಾತು, ಆದರೆ ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೆ ಅಗ್ಗದ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ.

ಹುಡ್ಡೇ ಬೇಡದ ಲೆನ್ಸುಗಳೂ ಇವೆ. ನಿಕಾನಿನ 55ರ ಮೈಕ್ರೋ ಲೆನ್ಸಿನ ಗಾಜು ಬಾವಿಯೊಳಗಿನ ಹಾಗೆ ಒಳಗಿದೆ, ಮೂತಿಯೇ ಹುಡ್. ಕಾರ್ಲ್ ಝೈಸ್ ಯೇನಾದ 135 ಎಫ್3.5 ಸೊನ್ನಾರ್‌ಗೆ ಎಳೆದರೆ ಹೊರಬರುವ ಹುಡ್ ಕೂಡಿಕೊಂಡೇ ಬಂದಿದೆ. ಎಳೆಯಲು ಮರೆಯುವವರೇ ಜಾಸ್ತಿ.

ಮೂಲೆ ಪರೀಕ್ಷೆ

ಯಾವ ಹುಡ್ ತಂದರೂ ಇದನ್ನು ಮಾಡದೆ ಗುಡಿಗೋ ಬೆಟ್ಟಕ್ಕೋ ಹೋಗಬೇಡಿ. ಫೋಕಸ್ ಇನ್ಫಿನಿಟಿಗೆ ಇಡಿ. ಅಪರ್ಚರ್, ಅಂದರೆ ಬೆಳಕು ಹಾಯುವ ಲೆನ್ಸಿನೊಳಗಿನ ಕಿಂಡಿ, ಎಫ್16ಕ್ಕೆ ಕಿರಿದು ಮಾಡಿ. ಎಂ42 (ಕ್ಯಾಮೆರಾಗೆ 42 ಎಂಎಂ ಥ್ರೆಡ್ಡಿನಿಂದ ತಿರುಗಿಸಿ ಕೂರಿಸುವ) ಲೆನ್ಸಿನಲ್ಲಿ ಎ-ಎಂ ಗುಂಡಿ ಇದ್ದರೆ ಎಂ ಕಡೆಗೆ ಸರಿಸಿ, ಇಲ್ಲದಿದ್ದರೆ ಅಡಾಪ್ಟರಿನಲ್ಲಿ ಅಪರ್ಚರಿನ ಎಲೆಗಳು ಮುಚ್ಚುವುದೇ ಇಲ್ಲ. ಮೋಡದ ಆಕಾಶವನ್ನೋ ಸುಣ್ಣ ಬಳಿದ ಗೋಡೆಯನ್ನೋ ತೆಗೆಯಿರಿ. ಅಪರ್ಚರ್ ಪೂರ್ತಿ ತೆರೆದಾಗ ಹುಡ್‌ನ ಅಡ್ಡಿ ಮೆಲ್ಲನೆ ಕರಗಿ ಕಾಣುವುದೇ ಇಲ್ಲ. ಎಫ್16ರಲ್ಲಿ ಕತ್ತರಿಸಿದ ಹಾಗೆ ಕಾಣುತ್ತದೆ. ಹಳೇ ಎಸ್‌ಎಲ್‌ಆರ್‌ನ ಇಣುಕುಗಾಜು ಪೂರ್ತಿ ಫ್ರೇಮ್ ತೋರಿಸುವುದು ಅಪರೂಪ, ಹಾಗಾಗಿ ಅಲ್ಲಿ ಕಣ್ಣಿಗಿಂತ ಫಿಲ್ಮನ್ನೇ ನಂಬಬೇಕು. ಮಿರರ್‌ಲೆಸ್‌ನಲ್ಲಾದರೆ ಪರದೆಯ ಮೇಲೇ ಗೊತ್ತಾಗುತ್ತದೆ.

ಯುವಿ ಫಿಲ್ಟರ್ ಹಾಕಿಕೊಂಡಿದ್ದರೆ ತೆಗೆಯಿರಿ. ಅದು ಹುಡ್ಡನ್ನು ಮುಂದಕ್ಕೆ ತಳ್ಳಿ ಮೂಲೆ ಕಪ್ಪು ಮಾಡುತ್ತದೆ, ಜೊತೆಗೆ ಬೆಳಕು ಪುಟಿಯಲು ಇನ್ನೂ ಎರಡು ಮೈ ಸೇರಿಸುತ್ತದೆ. ಧೂಳು, ಹನಿ, ಬೆರಳಿನ ಗುರುತು ತಡೆಯುವ ಕೆಲಸ ಹುಡ್ಡೇ ಮಾಡುತ್ತದಲ್ವಾ.

ಮಳೆಗಾಲದಲ್ಲಿ ಲೋಹದ ಹುಡ್ಡನ್ನು ತಿಂಗಳುಗಟ್ಟಲೆ ಲೆನ್ಸಿನ ಮೇಲೇ ಬಿಡಬೇಡಿ, ಥ್ರೆಡ್ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡರೆ ಬೆರಳಲ್ಲಿ ಹಿಂಡಿ ತಿರುಗಿಸಬೇಡಿ. ಹಿಂಡಿದಷ್ಟೂ ರಿಂಗ್ ಮೊಟ್ಟೆಯಾಕಾರಕ್ಕೆ ತಿರುಗಿ ಇನ್ನೂ ಬಿಗಿಯಾಗುತ್ತದೆ. ಅಗಲದ ರಬ್ಬರ್ ಬ್ಯಾಂಡ್ ಒಂದನ್ನು ಹುಡ್‌ಗೆ ಸುತ್ತಿ, ಅಂಗೈಯನ್ನು ಬಾಯಿಯ ಮೇಲೆ ಸಮವಾಗಿ ಇಟ್ಟು, ಮೆಲ್ಲಗೆ ಎಡಕ್ಕೆ ತಿರುಗಿಸಿ. ಬಿಟ್ಟುಕೊಳ್ಳುತ್ತದೆ.